ಜೂನ್‌ನಲ್ಲೇ ಸೋತಿದ್ದು, ಸೆಪ್ಟೆಂಬರ್‌ನಲ್ಲಿ ಗೊತ್ತಾಗಿದ್ದು

2025ರ ಸೆಪ್ಟೆಂಬರ್ 28, ಭಾನುವಾರ. ಮಯಾಮಿಯಲ್ಲಿ ಮಧ್ಯಾಹ್ನ, ಮೈಸೂರಿನಲ್ಲಿ ರಾತ್ರಿ ಹನ್ನೆರಡು ದಾಟಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನು ಅಡುಗೆಮನೆ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗೆ ಫೋನ್ ಒರಗಿಸಿ, ಸೌಂಡ್ ಆಫ್ ಮಾಡಿ, ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಕೊನೆಯ ಲೀಗ್ ಪಂದ್ಯ ನೋಡುತ್ತಾ ಕೂತಿದ್ದೆ.

ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಐದನೆಯದು. ಮಯಾಮಿ ಮಾರ್ಲಿನ್ಸ್ 4, ಮೆಟ್ಸ್ ಸೊನ್ನೆ. ಆದರೆ ಮೂರೂ ಬೇಸ್‌ಗಳಲ್ಲಿ ನಮ್ಮವರು ನಿಂತಿದ್ದರು. ಬ್ಯಾಟ್ ಹಿಡಿದು ಬಂದವರು ಪೀಟ್ ಅಲಾನ್ಸೊ, ಮೆಟ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಹೋಮ್ ರನ್ ಹೊಡೆದ ಆಟಗಾರ. ಚೆಂಡು ಬೇಲಿ ದಾಟಿದರೆ ಒಂದೇ ಏಟಿಗೆ ನಾಲ್ಕು ರನ್, ಲೆಕ್ಕ ಸಮ. ಹೊಡೆದರು ನೋಡಿ! ಗಂಟೆಗೆ 115 ಮೈಲಿಗೂ ಜಾಸ್ತಿ ವೇಗದಲ್ಲಿ ಹೋಯಿತು ಚೆಂಡು. ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಅದು ಸೀದಾ ಹೋಗಿ ಎಡಗಡೆಯ ಫೀಲ್ಡರ್‌ನ ಗ್ಲೌಸ್‌ನಲ್ಲಿ ಕೂತಿತು.

ಆಮೇಲೆ ಹೇಳುವಂಥದ್ದೇನೂ ಆಗಲಿಲ್ಲ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಫ್ರಾನ್ಸಿಸ್ಕೊ ಲಿಂಡೋರ್ ನೆಲದ ಮೇಲೆ ಹೊಡೆದ ಚೆಂಡಿಗೆ ಇಬ್ಬರು ಔಟ್. ಪಂದ್ಯ ಮುಗಿಯಿತು, ವರ್ಷವೂ ಮುಗಿಯಿತು. ತಮಾಷೆ ಅಂದರೆ, ಅದೇ ಹೊತ್ತಿಗೆ ಮಿಲ್ವಾಕಿಯಲ್ಲಿ ಆಡುತ್ತಿದ್ದ ಸಿನ್ಸಿನಾಟಿ ರೆಡ್ಸ್ ಕೂಡ ಸೋತಿತ್ತು. ಪ್ಲೇಆಫ್‌ನ ಕೊನೆಯ ಜಾಗಕ್ಕೆ ನಮ್ಮ ಜೊತೆ ಗುದ್ದಾಡುತ್ತಿದ್ದ ತಂಡ ಅದು. ಎರಡೂ ತಂಡಗಳ ಲೆಕ್ಕ ಒಂದೇ: 83 ಗೆಲುವು, 79 ಸೋಲು. ಮೊದಲಾಗಿದ್ದರೆ ಹೀಗೆ ಸಮ ಆದಾಗ ಇನ್ನೊಂದು ಪಂದ್ಯ ಆಡಿಸುತ್ತಿದ್ದರು. 2022ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಇಬ್ಬರೂ ಎದುರುಬದುರಾದಾಗ ಯಾರು ಜಾಸ್ತಿ ಗೆದ್ದಿದ್ದಾರೆ ಅಂತ ನೋಡುತ್ತಾರೆ. ರೆಡ್ಸ್ 4, ಮೆಟ್ಸ್ 2. ರೆಡ್ಸ್ ಒಳಗೆ, ನಾವು ಹೊರಗೆ.

"ನಾವು" ಅಂದೆ. ಮೈಸೂರಿನವನಿಗೆ ನ್ಯೂಯಾರ್ಕ್ ತಂಡ ಹೇಗೆ "ನಮ್ಮದು" ಆಯಿತು ಅಂತ ಕೇಳಬಹುದು. ಕೆಲಸದ ಮೇಲೆ ಕೆಲವು ವರ್ಷ ನ್ಯೂಜೆರ್ಸಿಯಲ್ಲಿದ್ದೆ. ಭಾನುವಾರ ಸುಮ್ನೆ ಕೂರಲಾಗದೆ ರೈಲು ಹತ್ತಿ ಕ್ವೀನ್ಸ್‌ನ ಸಿಟಿ ಫೀಲ್ಡ್‌ಗೆ ಹೋಗುತ್ತಿದ್ದೆ. ಊರಿಗೆ ವಾಪಸ್ ಬಂದೆ, ಆ ಚಟ ಮಾತ್ರ ಬಿಡಲಿಲ್ಲ. ನ್ಯೂಯಾರ್ಕ್‌ನಲ್ಲಿ ಸಂಜೆ ಏಳೂ ಹತ್ತಕ್ಕೆ ಶುರುವಾಗುವ ಪಂದ್ಯ ಇಲ್ಲಿ ಬೆಳಗಿನ ಜಾವ ನಾಲ್ಕೂ ನಲವತ್ತಕ್ಕೆ. ಮೇ ತಿಂಗಳಲ್ಲಿ ಅಲಾರಂ ಇಟ್ಟು ಏಳುತ್ತಿದ್ದೆ. ಆಗಸ್ಟ್ ಹೊತ್ತಿಗೆ ಹಾಲು ಕಾಯಿಸುವಾಗ ಸ್ಕೋರ್ ನೋಡಿಕೊಂಡರೆ ಸಾಕು ಅನ್ನುವ ಹಾಗಾಗಿತ್ತು.

ಮೆಟ್ಸ್ ಕಥೆ ಬರೆದವರೆಲ್ಲ ಸೆಪ್ಟೆಂಬರ್ ಕುಸಿತ, ಸೆಪ್ಟೆಂಬರ್ ಕುಸಿತ ಅಂತಲೇ ಬರೆದರು. ನನಗೆ ಅದು ಒಪ್ಪಿಗೆಯಿಲ್ಲ. ಸೆಪ್ಟೆಂಬರ್‌ನಲ್ಲಿ ಕಂಡಿದ್ದು ಗೋಡೆಯ ಮೇಲಿನ ಒದ್ದೆ ಕಲೆ. ಪೈಪ್ ಒಡೆದಿದ್ದು ಜೂನ್‌ನಲ್ಲಿ. ದಿನ ಬೇಕಿದ್ದರೂ ಹೇಳಬಹುದು: ಜೂನ್ 12.

ಆ ದಿನ ಸಿಟಿ ಫೀಲ್ಡ್‌ನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಎದುರು ಪಂದ್ಯ. ಜಪಾನಿನ ಕೊಡೈ ಸೆಂಗಾ ಚೆಂಡು ಎಸೆಯುತ್ತಿದ್ದರು. ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಡುತ್ತಾರೆ ಅನ್ನೋದನ್ನು ಇಆರ್‌ಎ ಅಂತಾರೆ. ಮೂರರ ಆಸುಪಾಸಿದ್ದರೆ ಬಹಳ ಒಳ್ಳೆಯದು. ಸೆಂಗಾ ಅವರದು 1.47. ಆರನೇ ಇನ್ನಿಂಗ್ಸ್‌ನಲ್ಲಿ ಒಂದು ಸಾಧಾರಣ ಚೆಂಡು ಮೊದಲ ಬೇಸ್ ಕಡೆ ಉರುಳಿತು. ಅಲಾನ್ಸೊ ಅದನ್ನು ಹಿಡಿದು, ಬೇಸ್ ಕಡೆಗೆ ಓಡಿಬರುತ್ತಿದ್ದ ಸೆಂಗಾಗೆ ಎಸೆದರು. ಎಸೆತ ಸ್ವಲ್ಪ ಎತ್ತರವಾಯಿತು. ಸೆಂಗಾ ಹಾರಿ ಹಿಡಿದರು, ಬ್ಯಾಟರ್ ಔಟ್. ಆದರೆ ಕಾಲು ನೆಲಕ್ಕೆ ತಾಗಿದ್ದೇ ತಡ, ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದರು. ಹ್ಯಾಮ್‌ಸ್ಟ್ರಿಂಗ್.

ಆ ಪಂದ್ಯವನ್ನು ಮೆಟ್ಸ್ 4–3ರಿಂದ ಗೆದ್ದಿತು. ಸತತ ಆರನೇ ಗೆಲುವು. 45 ಗೆಲುವು, 24 ಸೋಲು, ಇಡೀ ಮೇಜರ್ ಲೀಗ್‌ನಲ್ಲೇ ಆ ಹೊತ್ತಿಗೆ ಅತ್ಯುತ್ತಮ. ಒಂಬತ್ತು ದಿನದ ಹಿಂದಷ್ಟೇ, ಜೂನ್ 3ಕ್ಕೆ, ನಮ್ಮ ಆರ್‌ಸಿಬಿ ಹದಿನೆಂಟು ವರ್ಷದ ಮೇಲೆ ಕಪ್ ಎತ್ತಿತ್ತು. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತ ಆ ಖುಷಿಯನ್ನೇ ನುಂಗಿಹಾಕಿತು, ಅದನ್ನು ಮರೆತು ಬರೆಯಲಾಗದು. ಆದರೂ ಆ ವಾರ, 1986ರಿಂದ ಬರಿಗೈಯಲ್ಲಿರುವ ಮೆಟ್ಸ್‌ಗೂ ಈ ವರ್ಷ ಕಾಲ ಕೂಡಿಬಂತು ಅಂತ ಮನಸ್ಸಿನ ಮೂಲೆಯಲ್ಲಿ ಅನಿಸಿದ್ದು ಸುಳ್ಳಲ್ಲ.

ಜೂನ್ 13ರಿಂದ ಕೊನೆಯ ದಿನದವರೆಗೆ ಆಡಿದ 93 ಪಂದ್ಯಗಳಲ್ಲಿ ಗೆದ್ದಿದ್ದು 38, ಸೋತಿದ್ದು 55.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಐಪಿಎಲ್‌ನಲ್ಲಿ ಒಂದು ತಂಡಕ್ಕೆ 14 ಲೀಗ್ ಪಂದ್ಯ. ಸತತ ಐದು ಸೋತರೆ ಕಥೆ ಮುಗಿದಂತೆ. ಬೇಸ್‌ಬಾಲ್‌ನಲ್ಲಿ 162. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಅತಿ ಒಳ್ಳೆಯ ತಂಡವೂ 60 ಸಲ ಸೋಲುತ್ತದೆ. ಹಾಗಾಗಿ ಒಂದು ವಾರದ ಸೋಲಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಇದು ದೂರದ ದಾರಿ, ಸರಿಹೋಗುತ್ತೆ" ಅನ್ನೋದು ಅಲ್ಲಿನ ಮಾಮೂಲಿ ಸಮಾಧಾನ. ಆ ಸಮಾಧಾನವೇ ಕಣ್ಣಿಗೆ ಮಣ್ಣೆರಚುವುದು. ಮೆಟ್ಸ್ ಸೆಂಗಾ ಗಾಯಗೊಂಡ ಮರುದಿನದಿಂದಲೇ ಏಳು ಪಂದ್ಯ ಸತತ ಸೋತಿತು. ಜುಲೈ ಕೊನೆಗೆ ಸತತ ಏಳು ಗೆದ್ದು, ಆಗಸ್ಟ್ ಶುರುವಿನಲ್ಲಿ ಮತ್ತೆ ಏಳು ಸೋತಿತು. ಪ್ರತಿ ಸಲವೂ ಮೊದಲು ಗೆದ್ದ 45 ಪಂದ್ಯ ಬ್ಯಾಂಕಿನಲ್ಲಿವೆಯಲ್ಲ ಅನ್ನೋ ಧೈರ್ಯ.

ಅದೃಷ್ಟ ಕೆಟ್ಟಿತ್ತು, ಅಷ್ಟೇ ಅಂತ ಹೇಳಬಹುದಾ? ನಾಣ್ಯವನ್ನು 93 ಸಲ ಚಿಮ್ಮಿದರೆ 38 ಅಥವಾ ಅದಕ್ಕಿಂತ ಕಮ್ಮಿ ಸಲ ರಾಜ ಬೀಳುವ ಸಾಧ್ಯತೆ ನೂರಕ್ಕೆ ಐದರಷ್ಟು. ಅದು ಸಾಧಾರಣ ತಂಡದ ಲೆಕ್ಕ. ಮೆಟ್ಸ್ ಸಾಧಾರಣ ತಂಡವಾಗಿರಬೇಕಿರಲಿಲ್ಲ. ಸಂಬಳದ ಬಾಬ್ತಿಗೇ ಸುಮಾರು 34 ಕೋಟಿ ಡಾಲರ್ ಸುರಿದಿದ್ದ ತಂಡ. ಅದಕ್ಕಿಂತ ಜಾಸ್ತಿ ಸುರಿದಿದ್ದು ಲಾಸ್ ಏಂಜಲೀಸ್ ಡಾಡ್ಜರ್ಸ್ ಒಂದೇ.

ಇಲ್ಲಿ ಅಭಿಮಾನಿಗಳ ಬೈಗುಳವೆಲ್ಲ ಒಬ್ಬರ ಮೇಲೆ ಬೀಳುತ್ತದೆ, ಹ್ವಾನ್ ಸೋಟೊ. 15 ವರ್ಷಕ್ಕೆ 76.5 ಕೋಟಿ ಡಾಲರ್. ಯಾವುದೇ ಆಟದಲ್ಲಿ ಒಬ್ಬ ಆಟಗಾರನ ಜೊತೆ ಮಾಡಿಕೊಂಡ ಅತಿದೊಡ್ಡ ಒಪ್ಪಂದ ಅಂತ ಸುದ್ದಿಯಾಗಿತ್ತು. ಅಷ್ಟು ದುಡ್ಡು ಕೊಟ್ಟ ಮೇಲೆ ಒಂದು ಕಪ್ ಬೇಡವಾ ಅಂತ ಕೇಳೋದು ಸಹಜ. ಆದರೆ ಅಂಕಿ ನೋಡಿದರೆ ಸೋಟೊ ಮೇಲೆ ತಪ್ಪು ಹೊರಿಸಲು ಬಾಯಿ ಬರುವುದಿಲ್ಲ. 43 ಹೋಮ್ ರನ್, 38 ಬೇಸ್ ಕದ್ದಿದ್ದು, ಅಂದರೆ ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿ ಮುಟ್ಟಿದ್ದು. ಲಿಂಡೋರ್ 31 ಮತ್ತು 31. ಅಲಾನ್ಸೊ 38 ಹೋಮ್ ರನ್, 126 ಆರ್‌ಬಿಐ, ಅಂದರೆ ತಮ್ಮ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದುಕೊಟ್ಟ ರನ್. ಮೂವರಿಗೆ ಮೂವರೂ ಅವರವರ ಕೆಲಸ ಮಾಡಿದರು. ಇಡೀ ವರ್ಷದಲ್ಲಿ ಮೆಟ್ಸ್ ಹೊಡೆದ ರನ್ ಬಿಟ್ಟುಕೊಟ್ಟ ರನ್‌ಗಿಂತ ಜಾಸ್ತಿಯೇ.

ಮತ್ತೆ ಕೈಕೊಟ್ಟಿದ್ದು ಯಾವುದು? ಪಿಚಿಂಗ್.

ಇದನ್ನು ಕ್ರಿಕೆಟ್ ಕಣ್ಣಿನಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಬೇಸ್‌ಬಾಲ್‌ನಲ್ಲಿ ಐದಾರು ಜನ ಬೌಲರ್‌ಗಳು ಓವರ್ ಹಂಚಿಕೊಳ್ಳುವುದಿಲ್ಲ. ಒಬ್ಬ ಸ್ಟಾರ್ಟರ್ ಶುರು ಮಾಡಿ ಐದಾರು ಇನ್ನಿಂಗ್ಸ್ ಎಳೆಯಬೇಕು. ಆಮೇಲೆ ನಾಲ್ಕೈದು ದಿನ ಅವರಿಗೆ ವಿಶ್ರಾಂತಿ. ಉಳಿದ ಮೂರು ನಾಲ್ಕು ಇನ್ನಿಂಗ್ಸ್‌ಗೆ ಬುಲ್‌ಪೆನ್, ಅಂದರೆ ಕಾಯುತ್ತಾ ಕೂತ ರಿಲೀವರ್‌ಗಳ ಗುಂಪು. ಸ್ಟಾರ್ಟರ್ ನಾಲ್ಕಕ್ಕೇ ಸುಸ್ತಾದರೆ ಉಳಿದ ಐದು ಇನ್ನಿಂಗ್ಸ್ ಬುಲ್‌ಪೆನ್ ತಲೆ ಮೇಲೆ. ಒಂದು ದಿನ ಸರಿ. ನಾಳೆಯೂ ಹಾಗೇ ಆದರೆ? ನಾಡಿದ್ದೂ? ಮದುವೆಮನೆಯಲ್ಲಿ ಅಡುಗೆಭಟ್ಟರು ಕೈಕೊಟ್ಟರೆ ಬಡಿಸುವವರೇ ಒಲೆ ಮುಂದೆ ನಿಂತಂತೆ. ಮೊದಲ ಪಂಕ್ತಿ ಹೇಗೋ ಏಳುತ್ತದೆ, ಮೂರನೇ ಪಂಕ್ತಿ ಹೊತ್ತಿಗೆ ಸಾರೂ ಇಲ್ಲ, ಬಡಿಸುವ ಕೈಯೂ ಇಲ್ಲ.

ಮೆಟ್ಸ್‌ಗೆ ಆಗಿದ್ದು ಇದೇ. ಸೆಂಗಾ ಹೋದರು. ಟೈಲರ್ ಮೆಗಿಲ್ ಮೊಣಕೈ ಹಿಡಿದುಕೊಂಡು ಕೂತರು. ಜೂನ್ 26ಕ್ಕೆ ಗ್ರಿಫಿನ್ ಕ್ಯಾನಿಂಗ್ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಅದೂ ಯಾರಿಗೂ ಡಿಕ್ಕಿ ಹೊಡೆದಲ್ಲ, ಸುಮ್ನೆ ಒಂದು ಹೆಜ್ಜೆ ಇಟ್ಟಿದ್ದಕ್ಕೆ. ಶಾನ್ ಮನಾಯಾ ಸೀಸನ್ ಶುರುವಾಗುವ ಮೊದಲೇ ಗಾಯಗೊಂಡವರು ಜುಲೈನಲ್ಲಿ ಬಂದರು, ಹಳೆಯ ಕೈಚಳಕ ಬರಲಿಲ್ಲ. ಜೂನ್ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಡೇವಿಡ್ ಪೀಟರ್ಸನ್ ಒಬ್ಬರನ್ನು ಬಿಟ್ಟರೆ ಯಾವ ಸ್ಟಾರ್ಟರೂ ಆರು ಇನ್ನಿಂಗ್ಸ್ ಮುಗಿಸಲಿಲ್ಲ. ಎರಡು ತಿಂಗಳು! ಕೊನೆಗೆ ಆ ಪೀಟರ್ಸನ್ ಕೂಡ ಸೋತರು. ಜುಲೈನಲ್ಲಿ ಲೀಗ್‌ನ ಅತ್ಯುತ್ತಮರ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾಗಿದ್ದವರ ಇಆರ್‌ಎ ವರ್ಷದ ಕೊನೆಗೆ 4.22.

ಸೆಂಗಾ ಜುಲೈನಲ್ಲಿ ವಾಪಸ್ ಬಂದರು. ಬಂದವರು ಬೇರೆಯೇ ಮನುಷ್ಯ ಅನ್ನುವಂತಿತ್ತು. ಸೆಪ್ಟೆಂಬರ್‌ನಲ್ಲಿ, ಇನ್ನೇನು ಕೊನೆಯ ಓಟ ಅನ್ನುವಾಗ, ತಾವೇ ಒಪ್ಪಿ ಕೆಳಹಂತದ ಲೀಗ್‌ಗೆ, ಸಿರಾಕ್ಯೂಸ್ ತಂಡಕ್ಕೆ ಹೋದರು.

ಇದರಲ್ಲಿ ದುರದೃಷ್ಟ ಎಷ್ಟು, ಯೋಜನೆಯ ತಪ್ಪು ಎಷ್ಟು? ಹಿಂದಿನ ಚಳಿಗಾಲದಲ್ಲಿ ಮೆಟ್ಸ್‌ನ ಬೇಸ್‌ಬಾಲ್ ಮುಖ್ಯಸ್ಥ ಡೇವಿಡ್ ಸ್ಟರ್ನ್ಸ್ ಬ್ಯಾಟಿಗೆ ರಾಶಿ ದುಡ್ಡು ಹಾಕಿ, ಪಿಚಿಂಗ್‌ನಲ್ಲಿ ಚೌಕಾಸಿ ಮಾಡಿದರು. ಮ್ಯಾಕ್ಸ್ ಫ್ರೀಡ್ 21.8 ಕೋಟಿ ಡಾಲರ್‌ಗೆ ಪಕ್ಕದ ಯಾಂಕೀಸ್ ಸೇರಿದರು. ಕಾರ್ಬಿನ್ ಬರ್ನ್ಸ್ 21 ಕೋಟಿಗೆ ಅರಿಜೋನಾಗೆ ಹೋದರು. ಮೆಟ್ಸ್ ತಂದಿದ್ದು ಇಷ್ಟು ದಿನ ರಿಲೀವರ್ ಆಗಿದ್ದ ಕ್ಲೇ ಹೋಮ್ಸ್, ಗಾಯದ ಹಿನ್ನೆಲೆಯ ಫ್ರಾಂಕಿ ಮೊಂಟಾಸ್, ಕಮ್ಮಿ ಬೆಲೆಯ ಕ್ಯಾನಿಂಗ್. ಸ್ಟರ್ನ್ಸ್ ಪರವಾಗಿ ಒಂದು ಮಾತು ಹೇಳಲೇಬೇಕು. ಆ 21 ಕೋಟಿಯ ಬರ್ನ್ಸ್ ಕೂಡ ಜೂನ್‌ನಲ್ಲೇ ಮೊಣಕೈ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತರು. ಪಿಚರ್‌ನ ಕೈ ಮಣ್ಣಿನ ಮಡಿಕೆ, ಯಾವ ಬೆಲೆಗೆ ತಂದರೂ ಒಡೆಯಬಹುದು.

ಹಾಗಾಗಿ ಚಳಿಗಾಲದ ತಪ್ಪನ್ನು ನಾನು ಕ್ಷಮಿಸುತ್ತೇನೆ. ಕ್ಷಮಿಸಲಾಗದ್ದು ಜುಲೈ 31. ಅದು ಆಟಗಾರರನ್ನು ಕೊಳ್ಳಲು, ಬದಲಾಯಿಸಿಕೊಳ್ಳಲು ಕೊನೆಯ ದಿನ. ಆ ಹೊತ್ತಿಗೆ ಸ್ಟಾರ್ಟರ್‌ಗಳು ಏದುಸಿರು ಬಿಡುತ್ತಿರುವುದು ಗಾಜಿನಷ್ಟು ಸ್ಪಷ್ಟವಾಗಿತ್ತು. ಆದರೂ ಮೆಟ್ಸ್ ಒಬ್ಬ ಸ್ಟಾರ್ಟರನ್ನೂ ತರಲಿಲ್ಲ. ಮೂವರು ರಿಲೀವರ್‌ಗಳನ್ನು ತಂದರು, ಒಬ್ಬ ಔಟ್‌ಫೀಲ್ಡರನ್ನು ತಂದರು. ಪೈಪ್ ಒಡೆದಿದೆ ಅಂದರೆ ನಾಲ್ಕು ಹೊಸ ಬಕೆಟ್ ತಂದಿಟ್ಟ ಹಾಗೆ. ಬಕೆಟ್‌ಗಳೂ ತೂತು: ಹೆಸರುವಾಸಿ ರಯಾನ್ ಹೆಲ್ಸ್‌ಲಿ ಇಆರ್‌ಎ ಮೆಟ್ಸ್‌ನಲ್ಲಿ 7.20. ಔಟ್‌ಫೀಲ್ಡರ್ ಸೆಡ್ರಿಕ್ ಮಲಿನ್ಸ್ ಬ್ಯಾಟಿಂಗ್ ಸರಾಸರಿ .182, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಸಲವೂ ಔಟಾಗದೆ ಬೇಸ್ ಮುಟ್ಟುವಂಥ ಹೊಡೆತ ಬರಲಿಲ್ಲ.

ಬ್ಯಾಟರ್‌ಗಳನ್ನು ಪೂರ್ತಿ ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ. ಒಂದು ಅಂಕಿ ನನ್ನ ನಿದ್ದೆ ಕೆಡಿಸಿದೆ. ಎಂಟು ಇನ್ನಿಂಗ್ಸ್ ಮುಗಿದಾಗ ಮೆಟ್ಸ್ ಹಿಂದೆ ಬಿದ್ದಿದ್ದ ಪಂದ್ಯಗಳು 70. ಅದರಲ್ಲಿ ಗೆದ್ದಿದ್ದು ಸೊನ್ನೆ. ಎಪ್ಪತ್ತಕ್ಕೆ ಎಪ್ಪತ್ತೂ ಸೋಲು. ಅಂಥ ಪಂದ್ಯ ಗೆಲ್ಲುವುದು ಕಷ್ಟ, ನಿಜ. ಆದರೂ ವರ್ಷದಲ್ಲಿ ಎರಡು ಮೂರಾದರೂ ಯಾರ ಪಾಲಿಗಾದರೂ ಒದಗಿಬರುತ್ತವೆ. ಮೆಟ್ಸ್‌ಗೆ ಎರಡು ಮೂರೂ ಬೇಕಿರಲಿಲ್ಲ. ಒಂದು ಸಾಕಿತ್ತು. ಎಪ್ಪತ್ತು ಸಲ ಲಾಟರಿ ತೆಗೆದುಕೊಂಡು ಸಮಾಧಾನಕರ ಬಹುಮಾನವೂ ಬರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಎಂಟನೇ ಇನ್ನಿಂಗ್ಸ್‌ಗೆ ಹಿಂದಿದ್ದಾಗೆಲ್ಲ ಫೋನ್ ಎತ್ತಿಟ್ಟು ಸ್ನಾನಕ್ಕೆ ಹೋಗಿದ್ದರೆ ವರ್ಷಪೂರ್ತಿ ಆಫೀಸಿಗೆ ಸರಿಯಾದ ಹೊತ್ತಿಗೆ ತಲುಪುತ್ತಿದ್ದೆ.

ಇಷ್ಟೆಲ್ಲ ಆದಮೇಲೆ ಸೆಪ್ಟೆಂಬರ್ ಬಂತು. ಕೈಯಲ್ಲಿ ಸ್ಟಾರ್ಟರ್‌ಗಳಿಲ್ಲ, ಹಾಗಾಗಿ ಆಗಸ್ಟ್ ಮಧ್ಯದಿಂದಲೇ ಒಬ್ಬೊಬ್ಬರಾಗಿ ಹುಡುಗರನ್ನು ಕರೆಸತೊಡಗಿದ್ದರು. ನೋಲನ್ ಮೆಕ್ಲೀನ್, ಜೋನಾ ಟಾಂಗ್, ಬ್ರ್ಯಾಂಡನ್ ಸ್ಪ್ರೋಟ್. ಮೆಕ್ಲೀನ್ ಅದ್ಭುತವಾಗಿ ಎಸೆದರು. ಇಡೀ ಶರತ್ಕಾಲದಲ್ಲಿ ನನಗೆ ಸಿಕ್ಕ ನಿಜವಾದ ಖುಷಿ ಅದೊಂದೇ. ಆದರೆ 22 ವರ್ಷದ ಟಾಂಗ್ ಸೆಪ್ಟೆಂಬರ್ 12ರಂದು ಟೆಕ್ಸಸ್ ರೇಂಜರ್ಸ್ ಎದುರು ಇಬ್ಬರನ್ನು ಔಟ್ ಮಾಡುವಷ್ಟರಲ್ಲಿ ಆರು ರನ್ ಕೊಟ್ಟರು. ಮೊದಲ ಇನ್ನಿಂಗ್ಸೂ ಮುಗಿದಿರಲಿಲ್ಲ. ಆ ಹುಡುಗನ ಮುಖ ನೋಡಿ ನನಗೆ ಸಿಟ್ಟು ಬರಲಿಲ್ಲ, ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವರ ಮೇಲೆ ಬಂತು. 6ರಿಂದ 13ರವರೆಗೆ ಸತತ ಎಂಟು ಸೋಲು. 14ರಂದು ಅಲಾನ್ಸೊ ಹತ್ತನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್ ಹೊಡೆದು ಆ ಸರಣಿ ಮುರಿದಾಗ ಮತ್ತೆ ಆಸೆ.

ಆಸೆ ಮುರಿದಿದ್ದು ಎಲ್ಲಿ ಅಂತ ಕೇಳಿದರೆ ನಾನು ಮಯಾಮಿ ಹೇಳುವುದಿಲ್ಲ. ಸೆಪ್ಟೆಂಬರ್ 21, ಸ್ವಂತ ಮೈದಾನ, ಎದುರಿಗೆ 96 ಪಂದ್ಯ ಸೋತು ವರ್ಷ ಮುಗಿಸಿದ ನ್ಯಾಷನಲ್ಸ್. ಬ್ರೆಟ್ ಬೇಟಿ ದೂರಕ್ಕೆ ಹೊಡೆದ ಚೆಂಡು ಗೋಡೆಯ ಹತ್ತಿರ ಜೇಕಬ್ ಯಂಗ್ ಗ್ಲೌಸ್‌ನಿಂದ ಜಾರಿತು. ನೆಲಕ್ಕೆ ಬೀಳುವ ಮೊದಲು ಅವರ ಕಾಲಿಗೆ ತಾಗಿ ಮೇಲೆ ಚಿಮ್ಮಿತು. ಫುಟ್‌ಬಾಲ್ ಆಡಿದಂತೆ! ಅದನ್ನು ಹಿಡಿದೇಬಿಟ್ಟರು. ಔಟ್. ಅದೂ ಸಾಲದು ಅಂತ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಫ್ರಾನ್ಸಿಸ್ಕೊ ಅಲ್ವಾರೆಜ್ ಹೊಡೆದ, ಲೆಕ್ಕ ಸಮ ಮಾಡಬೇಕಿದ್ದ ಹೋಮ್ ರನ್ನನ್ನು ಇದೇ ಯಂಗ್ ಗೋಡೆಯ ಬಳಿ ಹಾರಿ ಕಿತ್ತುಕೊಂಡರು. 3–2. ನಾನು ನಕ್ಕುಬಿಟ್ಟೆ. ನಿಜವಾಗಲೂ ನಗು ಬಂತು. ಅಲಾನ್ಸೊ ಎಸೆತ ಒಂದಡಿ ಎತ್ತರವಾದ ದಿನ ಎದುರಿಗಿದ್ದವರೂ ಇದೇ ನ್ಯಾಷನಲ್ಸ್ ಅಲ್ವಾ ಅಂತ ಹೊಳೆದಿದ್ದು ಆಗಲೇ.

ಹಳೆಯ ಮೆಟ್ಸ್ ಅಭಿಮಾನಿಗಳಿಗೆ ಇದು ಹೊಸದೂ ಅಲ್ಲ. 2007ರಲ್ಲಿ 17 ಪಂದ್ಯ ಉಳಿದಿದ್ದಾಗ 7 ಪಂದ್ಯಗಳ ಮುನ್ನಡೆ ಇತ್ತು, ಕಳೆದುಕೊಂಡರು. ಕೊನೆಯ ದಿನ ಸೋತಿದ್ದು ಮಾರ್ಲಿನ್ಸ್‌ಗೆ. 2008ರಲ್ಲಿ ಹಳೆಯ ಶಿಯಾ ಸ್ಟೇಡಿಯಂನ ಕಟ್ಟಕಡೆಯ ಪಂದ್ಯ, ಗೆಲ್ಲಲೇಬೇಕಿತ್ತು. ಸೋತಿದ್ದು ಮತ್ತೆ ಮಾರ್ಲಿನ್ಸ್‌ಗೆ. 2025ರದ್ದು ಮೂರನೆಯದು. ಇನ್ನೊಂದು ಕಡೆ, 1973ರಲ್ಲಿ ಆಗಸ್ಟ್ ಕೊನೆಗೆ ತಮ್ಮ ಗುಂಪಿನ ತಳದಲ್ಲಿದ್ದ ಮೆಟ್ಸ್ ಬರೀ 82 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್‌ವರೆಗೆ, ಅಂದರೆ ಫೈನಲ್‌ವರೆಗೆ ಹೋಗಿತ್ತು. 2025ರಲ್ಲಿ 83 ಗೆದ್ದವರು ಮನೆಗೆ.

ಒಂದು ಹೋಲಿಕೆ ಹೊಟ್ಟೆ ಉರಿಸುತ್ತದೆ. ಅದೇ ವರ್ಷ ಡೆಟ್ರಾಯಿಟ್ ಟೈಗರ್ಸ್ ಮೆಟ್ಸ್‌ಗಿಂತ ಕೆಟ್ಟದಾಗಿ ಜಾರಿತು. ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ಗಿಂತ 15.5 ಪಂದ್ಯ ಮುಂದಿದ್ದ ತಂಡ ಕೊನೆಗೆ ಅದೇ ಕ್ಲೀವ್‌ಲ್ಯಾಂಡ್‌ಗೆ ಗುಂಪಿನ ಪಟ್ಟ ಬಿಟ್ಟುಕೊಟ್ಟಿತು. ಆದರೆ 87 ಗೆಲುವಿನ ಬಲದಲ್ಲಿ ಹಿಂಬಾಗಿಲಿನಿಂದ ಪ್ಲೇಆಫ್‌ಗೆ ನುಗ್ಗಿ, ಮೊದಲ ಸುತ್ತಿನಲ್ಲೇ ಕ್ಲೀವ್‌ಲ್ಯಾಂಡನ್ನು ಹೊರಗೆ ಹಾಕಿತು. ಡೆಟ್ರಾಯಿಟ್‌ನವರಿಗೆ ಬೈದುಕೊಂಡ ಮೇಲೆ ಕುಣಿಯಲು ಒಂದು ರಾತ್ರಿಯಾದರೂ ಸಿಕ್ಕಿತು. ನಮಗೆ ಸಿಕ್ಕಿದ್ದು ಮಾಲೀಕ ಸ್ಟೀವ್ ಕೋಹೆನ್ ಅವರ ಕ್ಷಮಾಪಣೆ. ಅಭಿಮಾನಿಗಳು ತಮ್ಮ ಪಾಲಿನದನ್ನು ಮಾಡಿದರು, ತಂಡ ಮಾಡಲಿಲ್ಲ ಅಂತ ಎಕ್ಸ್‌ನಲ್ಲಿ ಬರೆದರು. ಆ ವರ್ಷ ಸಿಟಿ ಫೀಲ್ಡ್‌ಗೆ ಟಿಕೆಟ್ ಕೊಂಡು ಬಂದವರು 31 ಲಕ್ಷಕ್ಕೂ ಜಾಸ್ತಿ.

ಆಮೇಲೆ ತಲೆಗಳು ಉರುಳಿದವು. ಪಿಚಿಂಗ್ ಕೋಚ್, ಬ್ಯಾಟಿಂಗ್ ಕೋಚ್‌ಗಳು ಹೊರಗೆ, ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಕಾರ್ಲೋಸ್ ಮೆಂಡೋಸಾ ಉಳಿದರು. ಸ್ಟರ್ನ್ಸ್ ಹೊಸ ಮಂತ್ರ ಹಿಡಿದರು: ರನ್ ಹೊಡೆಯುವುದಷ್ಟೇ ಅಲ್ಲ, ರನ್ ತಡೆಯಬೇಕು. ಮಂತ್ರ ಸರಿಯಾಗಿಯೇ ಇದೆ, ನಾನೂ ಇಷ್ಟು ಹೊತ್ತು ಅದನ್ನೇ ಹೇಳುತ್ತಿರುವುದು. 2026ರ ಜನವರಿಯಲ್ಲಿ ಮಿಲ್ವಾಕಿಯಿಂದ ಫ್ರೆಡಿ ಪೆರಾಲ್ಟಾ ಎಂಬ ಪಕ್ಕಾ ಸ್ಟಾರ್ಟರನ್ನೂ ತಂದರು. ಬದಲಿಗೆ ಕೊಟ್ಟವರಲ್ಲಿ ಒಬ್ಬರು ಸೆಪ್ಟೆಂಬರ್‌ನಲ್ಲಿ ತುರ್ತಾಗಿ ಕರೆಸಿಕೊಂಡಿದ್ದ ಅದೇ ಸ್ಪ್ರೋಟ್.

ಆದರೆ ಆ ಮಂತ್ರಕ್ಕೆ ಮೊದಲು ಬಲಿಯಾದವರಲ್ಲಿ ಅಲಾನ್ಸೊ ಒಬ್ಬರು. ಮೊದಲ ಬೇಸ್‌ನಲ್ಲಿ ಅವರ ಕೈ ಅಷ್ಟು ಚುರುಕಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿದ್ದ ಮಾತು. ಡಿಸೆಂಬರ್‌ನಲ್ಲಿ ಐದು ವರ್ಷಕ್ಕೆ 15.5 ಕೋಟಿ ಡಾಲರ್‌ಗೆ ಬಾಲ್ಟಿಮೋರ್ ಸೇರಿದರು. ಕೊನೆಯ ಇನ್ನಿಂಗ್ಸ್‌ನ ಪಿಚರ್ ಎಡ್ವಿನ್ ಡಿಯಾಸ್ ಡಾಡ್ಜರ್ಸ್‌ಗೆ ಹೋದರು. ಲೆಕ್ಕ ನನಗೆ ಅರ್ಥವಾಗುತ್ತದೆ. ಮೂವತ್ತು ದಾಟಿದ, ಫೀಲ್ಡಿಂಗ್‌ನಲ್ಲಿ ಮಂದವಾದ ಬ್ಯಾಟರ್‌ಗೆ ಐದು ವರ್ಷದ ದುಡ್ಡು ಕಟ್ಟುವುದು ಜಾಣತನವಲ್ಲ ಅಂತ ನಾನೇ ಬೇರೆ ತಂಡದ ಬಗ್ಗೆ ಆಗಿದ್ದರೆ ಬರೆಯುತ್ತಿದ್ದೆ.

ಸಿಟಿ ಫೀಲ್ಡ್‌ನಲ್ಲಿ ಕೊಂಡ 20ನೇ ನಂಬರಿನ ಟೀ ಶರ್ಟ್ ಒಂದಿದೆ, ಅಲಾನ್ಸೊ ನಂಬರು. ಕಾಲರ್ ಸಡಿಲವಾಗಿದೆ, ಅಕ್ಷರ ಉದುರಿವೆ. ಅವರು ಬಾಲ್ಟಿಮೋರ್‌ಗೆ ಹೋದರಂತೆ ಅಂತ ಮನೆಯಲ್ಲಿ ಹೇಳಿದ ವಾರ, ನನ್ನಾಕೆ ಅದನ್ನು ನೆಲ ಒರೆಸುವ ಬಟ್ಟೆಗಳ ಜೊತೆ ತೆಗೆದಿಟ್ಟಿದ್ದಳು. ನಾನು ಏನೂ ಮಾತಾಡದೆ ತೆಗೆದುಕೊಂಡು ಬಂದು ವಾಷಿಂಗ್ ಮೆಷಿನ್‌ಗೆ ಹಾಕಿದೆ.